ಪಾದೋದಕದ ಕೆಂಪು

ನಾವು ಉಮರ್ಗಾದ ಜಂಗಮರು. ಭಕ್ತರ ಮನೆಗಳಿಗೆ ಹೋಗಿ ಪಾದಪೂಜೆ ಮಾಡಿಸಿಕೊಂಡು ಬರುವುದು ಅಪ್ಪನ ವೃತ್ತಿ. ರಜಾಕಾರರ ಗಲಾಟೆ ಅಡಗಿದ ಮೇಲೆ ಹೈದರಾಬಾದ್ ರಸ್ತೆಯ ಸೇತುವೆಗೆ ಕಬ್ಬಿಣದ ಕಂಬಿ ಹಾಕುತ್ತಿದ್ದರು. ಅಲ್ಲಿ ಕೂಲಿಯಾಳುಗಳ ಮೇಲಿದ್ದ ಮುಕಾದಮ ಅಪ್ಪನಿಗೆ ಭಕ್ತಿಯಿಂದ ಒಂದು ಪುಡಿ ಕೊಟ್ಟ. "ಅಸಲಿ ಕಾವಿ ಅದರೀ ಅಯ್ಯನೋರ" ಅಂದನಂತೆ. ಅವ್ವ ಅದರಲ್ಲೇ ಅಪ್ಪನ ನಿಲುವಂಗಿ ಅದ್ದಿದಳು. ಪುಕ್ಕಟೆ ಸಿಕ್ಕಿದ್ದನ್ನು ಅನುಮಾನಿಸುವ ಜಾಯಮಾನ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಿಲಂಗಾದ ಭಕ್ತರ ಮನೆಗೆ ನಾನೂ ಹೋಗಿದ್ದೆ. ಪಾದ ತೊಳೆಯುವಾಗ ಅಂಗಿಯ ಅಂಚು ನೆನೆದು ತಟ್ಟೆಯ ನೀರು ಕೆಂಪಾಯಿತು. ಪಾದೋದಕ ಚೆಲ್ಲುವುದುಂಟೆ? ಮೊದಲು ಆ ಮನೆಯ ಬಸುರಿ ಸೊಸೆ ಕುಡಿದಳು.

ಊರಿಗೆ ಬಂದು ಅಪ್ಪ ಸೇತುವೆಯ ಪುಡಿಯಿಂದ ಹಿಡಿದು ಇದನ್ನೆಲ್ಲ ನೆರೆಮನೆಯ ಮಾಸ್ತರರಿಗೆ ನಗುತ್ತ ಹೇಳಿದ. ಅವರು ನಗಲಿಲ್ಲ.

"ಸೇತುವಿ ಕಬ್ಬಿಣಕ್ಕ ಸೀಸದ ಕೆಂಪು ಆಕ್ಸೈಡ್ ಹಚ್ತಾರ್ರೀ, ಅಗಸಿ ಎಣ್ಣ್ಯಾಗ ಕಲಸಿ. ತುಕ್ಕು ಹಿಡಿಯಂಗಿಲ್ಲ. ಗಾಜಿಗೂ ಬ್ಯಾಟರಿಗೂ ಅದೇ ಬೇಕು. ಹೊಟ್ಟ್ಯಾಗ ಹೋದ್ರ ವಿಷ."

"ಮತ್ತ ಕಾವಿ?"

"ಅದು ಕಬ್ಬಿಣದ ಆಕ್ಸೈಡ್. ತುಕ್ಕೇ ಅನ್ರಿ. ನೆಲಕ್ಕೂ ಬಣ್ಣಕ್ಕೂ ಹಾಕ್ತಾರ, ಅದರಿಂದೇನೂ ಭಯ ಇಲ್ಲ."

ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ತುಕ್ಕು ಪವಿತ್ರ, ತುಕ್ಕು ತಡೆಯುವುದು ವಿಷ, ಎರಡೂ ಕೆಂಪು! ಅಪ್ಪನ ಕಾವಿಯನ್ನು ತುಕ್ಕು ಅಂದದ್ದಕ್ಕೆ ಸಿಟ್ಟೂ ಬಂತು. ಸೀಸದ್ದು ಭಾರ, ಕಿತ್ತಳೆ ಕಡೆಗೆ ಹೊರಳಿದ ಬಣ್ಣ ಎಂದರು ಮಾಸ್ತರರು. ಅವ್ವ "ಕೇಸರಿ ಇತ್ತು" ಅಂದಳು, ಅಪ್ಪ "ಅಲ್ಲ, ಕೆಂಪೇ" ಅಂದ. ನನಗೆ ಎರಡೂ ನಿಜವೆನಿಸಿತು. ಉಳಿದ ಪುಡಿ ತಿಪ್ಪೆ ಸೇರಿತ್ತು. ಮುಕಾದಮ ಉದಗೀರದ ಕಡೆ ಹೋಗಿದ್ದ. ಅಂಗಿ ನೋಡಿ ಅದು ಯಾವ ಪುಡಿಯೆಂದು ಮಾಸ್ತರರಿಗೂ ಗೊತ್ತಾಗಲಿಲ್ಲ.

ಮರುದಿನ ಅಪ್ಪ ನಿಲಂಗಾಕ್ಕೆ ಹೋಗಿ ಇದ್ದದ್ದು ಇದ್ದಂತೆ ಹೇಳಿದ. ಆ ಸೊಸೆಯ ಅತ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ. "ಪಾದೋದಕ ವಿಷ ಆಗ್ತದೇನ್ರೀ ಅಯ್ಯನೋರ? ನಮ್ಮ ಭಕ್ತಿ ಪರೀಕ್ಷಾ ಮಾಡ್ಲಿಕತ್ತೀರಿ" ಅಂದು ಕೈಮುಗಿದಳಂತೆ. ಅಲ್ಲಿಂದ ಅಪ್ಪನಿಗೆ ಊಟ ಸೇರಲಿಲ್ಲ. ನಿಲಂಗಾದ ಬಸ್ಸಿನ ಸದ್ದು ಕೇಳಿದರೆ ಸಾಕು, ಎದ್ದು ಬಾಗಿಲಿಗೆ ಹೋಗುತ್ತಿದ್ದ. ನನಗೂ ಭಯವಾಗುತ್ತಿತ್ತು.

ಗಂಡುಮಗು ಹುಟ್ಟಿದ ಸುದ್ದಿ ಬಂದಾಗ ಇಬ್ಬರೂ ಹೋದೆವು. ಮಗು ಗುಂಡುಗುಂಡಾಗಿತ್ತು. ಅತ್ತೆ ತಟ್ಟೆ, ತಂಬಿಗೆ ಹಿಡಿದು ಬಂದಳು. ಹಿಂದೆ ಎರಡನೆಯ ಸೊಸೆ ನಿಂತಿದ್ದಳು.

"ಈಕೀಗೂ ಅದೇ ಕೆಂಪು ಪಾದೋದಕ ಕೊಡ್ರೀ ಅಯ್ಯನೋರ."

ಅಪ್ಪ ಬಿಳಿ ಧೋತರ ಉಟ್ಟು ಬಂದಿದ್ದ. ಕೂಸಿನ ಮುಷ್ಟಿ ಬಿಡಿಸಿ ಬೆರಳು ಒಂದೊಂದೇ ನೋಡುತ್ತ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡ.

"ನನ್ನ ಕಾಲು ತೊಳೀಬ್ಯಾಡ ಯವ್ವಾ" ಅಂದ.