ಗೆರೆ ಹೊಡೆದ ಸಾಲು

ಆಫೀಸಿನಲ್ಲಿ ಅವಳಿಗೆ ಇಸ್ತ್ರಿಯಕ್ಕ ಎಂದೇ ಹೆಸರು. ವೆಬ್‌ಸೈಟುಗಳಿಗೆ ಟೆಂಪ್ಲೇಟ್ ಬರೆಯುವುದು ಅವಳ ಕೆಲಸ. ಅಂದರೆ, ಯಾರೋ ಎಲ್ಲೋ ಕೂತು ಟೈಪ್ ಮಾಡಿದ್ದು ಪುಟದ ಮೇಲೆ ಹೇಗೆ ಕಾಣಬೇಕೆಂದು ತೀರ್ಮಾನಿಸುವವಳು ಅವಳೇ. ಮಂಡಿನೋವಿನ ಕ್ಲಿನಿಕ್ಕಿನ ಡಾಕ್ಟರು ತಮ್ಮ ಬರಹಕ್ಕೆ ಕೆಂಪು, ಹಳದಿ, ದಪ್ಪಕ್ಷರ, ಅಡಿಗೆರೆ ಎಲ್ಲವನ್ನೂ ಬಳಿಯುತ್ತಿದ್ದರು. ಇವಳು ರೋಸಿಹೋಗಿ, ಅಕ್ಷರವಷ್ಟೇ ಉಳಿದು ಮಿಕ್ಕ ಗುರುತೆಲ್ಲ ಉದುರಿಹೋಗುವಂತೆ ಟೆಂಪ್ಲೇಟ್ ಬರೆದಿಟ್ಟಳು. ಇಸ್ತ್ರಿ ಹಾಕಿದಂತೆ ಪುಟ ನುಣುಪಾಗಿ ಕಣ್ಣಿಗೆ ತಂಪಾಯಿತು. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಪುಟ ನಿಜಕ್ಕೂ ಚೆನ್ನಾಗಿತ್ತು.

ಅದೇ ಕ್ಲಿನಿಕ್ಕಿನಲ್ಲಿ ಅವಳ ಅತ್ತೆಗೆ ಮಂಡಿಯ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಸೊಸೆ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ನೋಡುತ್ತಾಳೆ, ಅತ್ತೆ ಕುರ್ಚಿಯ ಬೆನ್ನು ಹಿಡಿದು ಕುಕ್ಕರುಗಾಲಲ್ಲಿ ಕೂರಲು ಹೊರಟಿದ್ದಾರೆ.

"ಅಯ್ಯೋ ಅತ್ತೆ! ಯಾರು ಹೇಳಿದ್ದು ನಿಮಗೆ?"

"ನಿನ್ನ ಪೇಜೇ ಹೇಳ್ತಿದೆಯಲ್ಲೇ," ಎಂದು ಅತ್ತೆ ಮೊಬೈಲ್ ತೋರಿಸಿದರು. ಕ್ಲಿನಿಕ್ಕಿನ ಪುಟದ ವ್ಯಾಯಾಮಗಳ ಪಟ್ಟಿಯಲ್ಲಿ ಕುಕ್ಕರುಗಾಲಲ್ಲಿ ಕೂರುವುದೂ ಇತ್ತು.

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಅವಳು ಡಾಕ್ಟರಿಗೆ ಫೋನ್ ಹಚ್ಚಿ ದಬಾಯಿಸಿದಳು.

"ನಾನ್ಯಾಕಮ್ಮ ಹಾಗೆ ಹೇಳ್ಲಿ?" ಎಂದರು ಅವರು. "ಆ ಸಾಲಿನ ಮೇಲೆ ಗೆರೆ ಹೊಡೆದಿದೀನಲ್ಲ! ಮೊದಲಿಂದ ಮಾಡ್ತಾ ಇರೋರು ನೋಡಿ ನಿಲ್ಲಿಸ್ಲಿ ಅಂತಲೇ ಅಳಿಸದೆ ಬಿಟ್ಟಿದ್ದು."

ಅವಳು ತನ್ನ ಟೆಂಪ್ಲೇಟ್ ತೆರೆದು ನೋಡಿದಳು. ಬೇಡ ಎಂದ ಗೆರೆಯನ್ನು ಕಿತ್ತೆಸೆದವಳು ತಾನೇ. ಇನ್ನರೆಕ್ಷಣ ತಡವಾಗಿದ್ದರೆ ಅತ್ತೆಯ ಮಂಡಿಯ ಗತಿ?

ತಿದ್ದಲು ಕೂತಳು. ಅವಸರದಲ್ಲಿ ಮೊದಲ ಸಲ ಎಡವಟ್ಟಾಯಿತು. ಗೆರೆ, ದಪ್ಪಕ್ಷರಗಳ ಬದಲು ಅವುಗಳ ಕೋಡ್ ಗುರುತುಗಳೇ ಅಕ್ಷರಗಳಾಗಿ ಬಂದು ಪುಟದ ತುಂಬ < > ಎಂಬ ಚೂಪು ಕಂಸಗಳು ಹಲ್ಲುಕಿರಿದವು. ಅದನ್ನೂ ಸರಿಪಡಿಸಿ, ಗೆರೆ, ದಪ್ಪಕ್ಷರ, ಪಟ್ಟಿ ಎಲ್ಲವೂ ಡಾಕ್ಟರು ಬರೆದಂತೆಯೇ ಮೂಡುವ ಹಾಗೆ ಮಾಡಿದಳು. ಹಳದಿ ಬಣ್ಣವನ್ನು ಮಾತ್ರ ಒಳಗೆ ಬಿಡಲಿಲ್ಲ, ಅಷ್ಟಾದರೂ ಹಟ ಬೇಡವೇ!

ಆಮೇಲೆ, ಇಷ್ಟು ವರ್ಷದ ಕೆಲಸದಲ್ಲಿ ಎಂದೂ ಮಾಡದ್ದನ್ನು ಮಾಡಿದಳು. ಪುಟ ತೆರೆದ ಮೊಬೈಲನ್ನು ಅತ್ತೆಯ ಕೈಗೆ ಕೊಟ್ಟು, ಪಕ್ಕದಲ್ಲೇ ಕೂತು, ಅವರು ಓದುವುದನ್ನು ನೋಡಿದಳು. ಅತ್ತೆಯ ಬೆರಳು ಒಂದೊಂದೇ ಸಾಲು ಇಳಿದು ಕುಕ್ಕರುಗಾಲಿನ ಹತ್ತಿರ ನಿಂತಿತು.

"ಇದು ಬೇಡ ಅಂದಿದಾರೆ," ಎಂದು ಅತ್ತೆ ಮುಂದಿನ ಸಾಲಿಗೆ ಹೋದರು.