ಮಂಗನ ರಕ್ತದಲ್ಲಿ ಇದ್ದದ್ದು

ಕೆರಾಡಿಯಲ್ಲಿ ನನ್ನ ಅಣ್ಣ ಮನೆಯ ಹಿಂದಿನ ಗೂಡಿನಲ್ಲಿ ಒಂದು ಮಂಗನನ್ನು ಸಾಕಿದ್ದ. ಅವನು ಬೆಳಿಗ್ಗೆಯೇ ತಲ್ಲೂರಿನ ತನ್ನ ಹೋಟೆಲಿಗೆ ಹೋಗುತ್ತಿದ್ದುದರಿಂದ ಅದನ್ನು ನೋಡಿಕೊಳ್ಳುವುದು ಪಕ್ಕದ ಮನೆಯ ನನ್ನ ಕೆಲಸ. ಸಂಜೆ ಸೊಳ್ಳೆ ಕಚ್ಚಿಸಿಕೊಂಡು ಗೂಡಿನ ಹತ್ತಿರ ಕುಳಿತಿರುತ್ತಿದ್ದೆ. ಮಂಗ ಸೊರಗಿದಾಗ ಪಶುವೈದ್ಯರು ಬಂದು ರಕ್ತ ತೆಗೆದುಕೊಂಡು ಹೋದರು. ಪರೀಕ್ಷೆಯಲ್ಲಿ ಏನು ಬಂತೆಂದು ಆಮೇಲೆ ಕೇಳಿದರೆ ಅಣ್ಣ, "ಎಂತ ಇಲ್ಲ ಅಂಬ್ರ್" ಎಂದ.

ಮಳೆಗಾಲದಲ್ಲಿ ನನಗೆ ಚಳಿಜ್ವರ ಬಂತು. ಅಣ್ಣನೇ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದ. ಮಲೇರಿಯಾ ಎಂದರು. ವಾಸಿಯಾದ ಮೇಲೆ ಪೇಟೆಯಲ್ಲಿ ಆ ಪಶುವೈದ್ಯರು ಸಿಕ್ಕಿ, "ಮಂಗನ ರಕ್ತದಗೆ ಮಲೇರಿಯಾ ಜಾತಿ ಪರಾವಲಂಬಿ ಇತ್ತ್. ಸೊಳ್ಳಿಯಿಂದ ಮನ್ಷ್ರಿಗೂ ಬಂದ್ರೂ ಬಂತ್, ಸಂಜಿಗೆ ಯಾರೂ ಹತ್ರ ಹೋಪ್ದ್ ಬ್ಯಾಡ ಅಂತ ನಿಮ್ಮಣ್ಣಂಗೆ ಆಗ್ಳೇ ಹೇಳಿದ್ದೆ" ಎಂದರು.

ನೇರ ಹೋಟೆಲಿಗೆ ಹೋಗಿ ಅಣ್ಣನನ್ನು ಕೇಳಿದೆ. ಅವನು ಚಾ ಸೋಸುತ್ತಲೇ, "ಹೇಳಿದ್ರೆ ನೀ ಬತ್ತಿರ್ಲಿಲ್ಲ. ಮತ್ತೆ ಅದನ್ನ್ ಕಾಂಬುದ್ ಯಾರ್?" ಎಂದ.

ಅರಣ್ಯ ಇಲಾಖೆಯವರನ್ನು ನಾನೇ ಕರೆಸಿ ಮಂಗನನ್ನು ಒಪ್ಪಿಸಿದೆ. ನನ್ನ ಜ್ವರ ಅದರಿಂದಲೇ ಬಂತೆಂದು ಯಾರೂ ಖಚಿತವಾಗಿ ಹೇಳಲಿಲ್ಲ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು, ಮನೆಯ ಸುತ್ತಮುತ್ತ ಯಾರಿಗಾದರೂ ಕಾಯಿಲೆ ಇತ್ತೇ ಎಂದು ಕೇಳಿದಾಗ, ನನ್ನ ಕೈ ಹಿಡಿದು ನಿಂತಿದ್ದ ಅಣ್ಣ ಮಂಗನ ವಿಷಯ ಹೇಳಲೇ ಇಲ್ಲ. ಅದನ್ನು ಮರೆಯಲು ನನ್ನಿಂದ ಆಗುತ್ತಿಲ್ಲ.