ಮುಂದಿನ ಕ್ರಾಸ್

ಮಿತ್ರರೇ, ಗಾಡಿಯ ಚಕ್ರಕ್ಕೆ ಎಂಜಿನ್ನಿನ ಎಳೆತ ಮುಟ್ಟಿಸುವ ಯೂನಿವರ್ಸಲ್ ಜಾಯಿಂಟಿಗೆ ಗ್ಯಾರೇಜಿನಲ್ಲಿ ‘ಕ್ರಾಸ್’ ಎನ್ನುತ್ತಾರೆಂದು ನಿಮ್ಮ ಬಂಧುಬಳಗಕ್ಕೆ ಇಂದೇ ತಿಳಿಸಿಬಿಡಿ.

ಕಮಲಾಪುರದ ಹೊಲದಲ್ಲಿ ಇಂದು, ನಿನ್ನೆ ತೀರಿಕೊಂಡ ದೊಡ್ಡವ್ವನ ಮಣ್ಣು. ಆ ಕೆಸರಿನ ದಾರಿಗೆ ನಾಲ್ಕೂ ಚಕ್ರ ಎಳೆಯುವ ನನ್ನ ಜೀಪೇ ಬೇಕು. ಅದು ನಮ್ಮೂರು ದಾಟುವ ಮೊದಲೇ, ಸೇಡಂ ರಸ್ತೆಯಲ್ಲೇ ಕಟಕಟ ಎಂದಿತು; ಅಲ್ಲೇ ಗ್ಯಾರೇಜಿಗೆ ಒಯ್ದೆ.

“ಮುಂದಿನ ಕ್ರಾಸ್ ಎರಡೂ ಹೋಗ್ಯಾವ್ರೀ ಸಾಬ್, ಬದಲಿ ಮಾಡ್ಬೇಕು,” ಎಂದರು ಮೆಕ್ಯಾನಿಕ್ ರಫೀಕ್ ಭಾಯಿ.

ಅಷ್ಟರಲ್ಲಿ ಅಣ್ಣನ ಫೋನು. “ಎಲ್ಲಿದ್ದೀಯೋ?”

“ಮುಂದಿನ ಕ್ರಾಸ್ ಆದ್ರ ಬಂದೇ ಬಿಟ್ಟೆ!”

“ಬಾ, ನಿನ್ನ ಸಲುವಾಗೇ ನಿಂತೀವಿ.”

ಅವನು ಕಮಲಾಪುರ ಕ್ರಾಸ್ ಎಂದುಕೊಂಡ. ಎಲ್ಲರೂ ಬಿಸಿಲಲ್ಲಿ ಕಾದು ಕಾದು, ಕೊನೆಗೆ ಮಣ್ಣು ಮುಗಿಸಿದರು. ಆಮೇಲೆ ನನ್ನ ಜೀಪು ಕೆಸರಿನಲ್ಲಿ ಬಹಳ ಸೊಗಸಾಗಿ ಬಂತು.

“ತಡಾ ಮಾಡೇ ಬರ್ತೀ ನೋಡು,” ಎಂದು ಹೋದಾಗಲೆಲ್ಲ ಬೈಯುತ್ತಿದ್ದ ದೊಡ್ಡವ್ವ, ಇಂದು ಮಾತ್ರ ಏನೂ ಅನ್ನಲಿಲ್ಲ.